ಕಪ್ಪು-ಬಿಳುಪಿನ ಕೌಬಾಯ್ ಚಿತ್ರಗಳ ಮರುನೋಟ: ಬಂದೂಕು, ಕಾನೂನು ಮತ್ತು ಹಲಗಲಿಯ ಲಾವಣಿ

ಚಲನಚಿತ್ರವನ್ನು ಒಂದು ಪಠ್ಯವಾಗಿ ಓದುವ ಕ್ರಮ ಕನ್ನಡ ಅಧ್ಯಯನ ವಿಭಾಗಗಳಿಗೆ ಹೊಸದಲ್ಲ. ಆದರೆ ಈ ಓದು ಬಹುಮಟ್ಟಿಗೆ ‘ಸಂಸ್ಕಾರ’, ‘ವಂಶವೃಕ್ಷ’, ‘ಚೋಮನ ದುಡಿ’ಗಳಂಥ ಕಾದಂಬರಿ ಆಧಾರಿತ ಚಿತ್ರಗಳ ಸುತ್ತಲೇ ನಡೆದಿದೆ. ಜನಪ್ರಿಯ ಪ್ರಕಾರಗಳನ್ನು, ಅದರಲ್ಲಿಯೂ ಹೊರಗಿನಿಂದ ಬಂದ ಪ್ರಕಾರಗಳನ್ನು, ಕೇವಲ ಮನರಂಜನೆ ಎಂಬ ಒಂದೇ ಮಾತಿನಲ್ಲಿ ಬದಿಗೆ ಸರಿಸಲಾಗಿದೆ. ಅಮೆರಿಕದ ಕೌಬಾಯ್ ಚಿತ್ರಗಳು ಹೀಗೆ ಬದಿಗೆ ಸರಿದವುಗಳಲ್ಲಿ ಮುಖ್ಯವಾದವು. ಕುದುರೆ, ಟೊಪ್ಪಿಗೆ, ಪಿಸ್ತೂಲು, ಧೂಳು ಇಷ್ಟರಲ್ಲಿಯೇ ಆ ಪ್ರಕಾರದ ಅರ್ಥ ಮುಗಿಯಿತೆಂದು ಭಾವಿಸಲಾಗಿದೆ.

ಪ್ರಸ್ತುತ ಲೇಖನವು ೧೯೩೯ರಿಂದ ೧೯೬೨ರವರೆಗಿನ ಕೆಲವು ಕಪ್ಪು-ಬಿಳುಪು ಕೌಬಾಯ್ ಚಿತ್ರಗಳನ್ನು, ಅವು ಮನೆಯ ಪರದೆಗೆ ಬಂದ ರೂಪದಲ್ಲಿ, ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಪರಿಸರದ ಮೌಖಿಕ ಹಾಗೂ ರಂಗ ಪರಂಪರೆಯ ಹಿನ್ನೆಲೆಯಲ್ಲಿ ಮತ್ತೊಮ್ಮೆ ನೋಡುತ್ತದೆ. ಈ ಪರಿಸರದ ಆಯ್ಕೆ ಆಕಸ್ಮಿಕವಲ್ಲ. ಕೌಬಾಯ್ ಚಿತ್ರ ಮೂಲತಃ ಕೇಳುವ ಪ್ರಶ್ನೆ ಒಂದೇ: ಆಯುಧ ಹಿಡಿಯುವ ಹಕ್ಕು ಯಾರದು, ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರದು? ಘಟಪ್ರಭೆಯ ದಂಡೆಯ ಜನ ಇದೇ ಪ್ರಶ್ನೆಯನ್ನು ೧೮೫೭ರಲ್ಲಿ ಎದುರಿಸಿದ್ದಾರೆ. ಲಾವಣಿ ಕಟ್ಟಿ ಹಾಡಿದ್ದಾರೆ. ಎರಡು ಕಥನಗಳ ಉತ್ತರ ಮಾತ್ರ ಒಂದಕ್ಕೊಂದು ವಿರುದ್ಧವಾಗಿದೆ. ಈ ವಿರೋಧವು ಚಿತ್ರಮಂದಿರದ ಒಂದು ಸಲದ ನೋಟದಲ್ಲಿ ಕಾಣದೆ, ನಿಲ್ಲಿಸಿ, ಹಿಂದಕ್ಕೆ ಸರಿಸಿ ನೋಡುವ ಮನೆಯ ನೋಟದಲ್ಲಿ ಕಾಣುತ್ತದೆಂಬುದು ಇಲ್ಲಿಯ ವಾದ.

ತಿರುಗುಮುರುಗಾದ ಅನುಕ್ರಮ

ಮರುನೋಟ ಎಂಬ ಪದವನ್ನೇ ಮೊದಲು ಪರಿಶೀಲಿಸಬೇಕಾಗಿದೆ. ಕನ್ನಡ ಪ್ರೇಕ್ಷಕರಲ್ಲಿ ಬಹುಪಾಲು ಜನರಿಗೆ ಕೌಬಾಯ್‌ನ ಪರಿಚಯವಾದದ್ದು ಹಿಂದುಮುಂದಾಗಿ. ೧೯೬೪ರಲ್ಲಿ ಸರ್ಜಿಯೋ ಲಿಯೋನೆ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ತೆಗೆದ ಮೇಲೆ ಇಟಲಿಯಲ್ಲಿ ಬಣ್ಣದ ಕೌಬಾಯ್ ಚಿತ್ರಗಳ ಸುಗ್ಗಿಯೇ ನಡೆಯಿತು. ದಕ್ಷಿಣ ಭಾರತದ ಚಿತ್ರರಂಗ ಎತ್ತಿಕೊಂಡ ಮಾದರಿ ಹೆಚ್ಚಾಗಿ ಅದೇ. ೧೯೭೧ರಲ್ಲಿ ಕೆ.ಎಸ್.ಆರ್. ದಾಸ್ ತೆಲುಗಿನಲ್ಲಿ ‘ಮೋಸಗಾಳ್ಳಕು ಮೋಸಗಾಡು’ ನಿರ್ದೇಶಿಸಿದರು; ಅವರೇ ಮುಂದೆ ಕನ್ನಡಕ್ಕೆ ಬಂದು ‘ಕಳ್ಳ ಕುಳ್ಳ’ (೧೯೭೫), ‘ಸಹೋದರರ ಸವಾಲ್’ (೧೯೭೭) ಮುಂತಾದ ಚಿತ್ರಗಳನ್ನು ಕೊಟ್ಟರು. ದ್ವಾರಕೀಶ್ ಅವರ ‘ಕೌಬಾಯ್ ಕುಳ್ಳ’ ೧೯೭೩ರಷ್ಟು ಹಿಂದಿನದು. ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ ‘ಶೋಲೆ’ (೧೯೭೫) ಈ ಎಲ್ಲ ಪ್ರಭಾವಗಳ ದೊಡ್ಡ ಸಂಗಮ. ಹೀಗೆ ಮೊದಲು ಬಂದದ್ದು ಅನುಕರಣೆಯ ಅನುಕರಣೆ. ಅದರ ಮೂಲವಾದ ಜಾನ್ ಫೋರ್ಡ್, ಹೊವರ್ಡ್ ಹಾಕ್ಸ್, ಫ್ರೆಡ್ ಜಿನ್ನೆಮನ್ ಅವರ ಕಪ್ಪು-ಬಿಳುಪು ಚಿತ್ರಗಳು ಸಣ್ಣ ಊರುಗಳ ಪ್ರೇಕ್ಷಕರಿಗೆ ಸುಲಭವಾಗಿ ದೊರೆತದ್ದು ಬಹಳ ತಡವಾಗಿ, ಕ್ಯಾಸೆಟ್ ಮತ್ತು ಡಿಸ್ಕುಗಳ ಕಾಲದಲ್ಲಿ. ಆದ್ದರಿಂದ ಇಲ್ಲಿಯ ಮರುನೋಟವು ಅನೇಕರ ಪಾಲಿಗೆ ಮೊದಲ ನೋಟವೂ ಹೌದು. ತಾತನನ್ನು ಮೊಮ್ಮಗನ ಮುಖದಿಂದ ಗುರುತಿಸಿದಂತೆ, ಹಳೆಯ ಚಿತ್ರವನ್ನು ಹೊಸ ಚಿತ್ರದ ನೆನಪಿನಿಂದ ಗುರುತಿಸುವ ವಿಚಿತ್ರ ಸ್ಥಿತಿ ಇದು.

೧೯೮೨ರ ದೆಹಲಿ ಏಷ್ಯನ್ ಕ್ರೀಡಾಕೂಟದ ಆಸುಪಾಸಿನಲ್ಲಿ ಬಣ್ಣದ ದೂರದರ್ಶನ ಮತ್ತು ವಿಸಿಆರ್ ದೇಶದಲ್ಲಿ ಹರಡತೊಡಗಿದವು. ಒಂದು ರಾತ್ರಿಗೆ ಬಾಡಿಗೆಗೆ ತಂದ ಯಂತ್ರದ ಮುಂದೆ ಓಣಿಗೆ ಓಣಿಯೇ ಕುಳಿತು ಮೂರು ನಾಲ್ಕು ಚಿತ್ರಗಳನ್ನು ಬೆಳಗಿನವರೆಗೆ ನೋಡುತ್ತಿದ್ದ ಕಾಲವದು. ತೊಂಬತ್ತರ ದಶಕದ ಕೊನೆಗೆ ವಿಸಿಡಿ, ಅನಂತರ ಡಿವಿಡಿ ಬಂದವು. ೨೦೦೬-೦೭ರ ಸುಮಾರಿಗೆ ಮೋಸರ್ ಬೇರ್ ಸಂಸ್ಥೆ ಮೂವತ್ತು ರೂಪಾಯಿಯ ಆಸುಪಾಸಿನ ಬೆಲೆಗೆ ಡಿಸ್ಕುಗಳನ್ನು ಮಾರುಕಟ್ಟೆಗೆ ಬಿಟ್ಟಾಗ ಚಿತ್ರವನ್ನು ಕೊಂಡು ಇಟ್ಟುಕೊಳ್ಳುವುದು ಪುಸ್ತಕ ಕೊಳ್ಳುವುದಕ್ಕಿಂತ ಅಗ್ಗವಾಯಿತು. ಇವೆಲ್ಲ ನಡೆಯಲು ವಿದ್ಯುತ್ತು ಬೇಕು ಎಂಬುದು ಮರೆತುಹೋಗುವ ಸಂಗತಿ. ಗೋಕಾಕ ಫಾಲ್ಸ್‌ನಲ್ಲಿ ಜಲವಿದ್ಯುತ್ತು ಹತ್ತೊಂಬತ್ತನೆಯ ಶತಮಾನದ ಕೊನೆಗೇ ಕಂಡರೂ ಅದು ಗಿರಣಿಯ ವಿದ್ಯುತ್ತು. ಹುಕ್ಕೇರಿಯ ಹಳ್ಳಿಗಳ ಮನೆದೀಪದ ಕಥೆಯಲ್ಲಿ ೧೯೬೯ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಪಾತ್ರ ದೊಡ್ಡದು.

ಕಂಡ ಕಥೆಯನ್ನೇ ಮತ್ತೆ ಕಾಣುವ ರಸಿಕತೆಯನ್ನು ಮಾತ್ರ ಈ ಯಂತ್ರಗಳು ಕಲಿಸಲಿಲ್ಲ. ಕುಲಗೋಡ ತಮ್ಮಣ್ಣ ರೂಪಕೊಟ್ಟ ಶ್ರೀಕೃಷ್ಣ ಪಾರಿಜಾತವನ್ನು ಈ ಸೀಮೆಯ ಜನ ತಲೆಮಾರುಗಳಿಂದ ನೋಡುತ್ತ ಬಂದಿದ್ದಾರೆ. ಸತ್ಯಭಾಮೆಯ ಮುನಿಸು ಹೇಗೆ ಇಳಿಯುತ್ತದೆಂಬುದು ಮೊದಲೇ ಗೊತ್ತಿದ್ದ ಪ್ರೇಕ್ಷಕ ಕಾಯುವುದು ಕಥೆಯ ಮುಂದಿನ ತಿರುವಿಗಲ್ಲ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಈ ರಾತ್ರಿ ಆ ಮುನಿಸನ್ನು ಹೇಗೆ ಹಾಡುತ್ತಾಳೆ ಎಂಬುದಕ್ಕೆ ಆತ ಕಾಯುತ್ತಾನೆ. ಕೌಬಾಯ್ ಚಿತ್ರವೂ ಇದೇ ಬಗೆಯ ಪ್ರಕಾರ. ಕೊನೆಗೆ ಬೀದಿಯಲ್ಲಿ ಗುಂಡು ಹಾರುತ್ತದೆಂಬುದು ಆರಂಭದಲ್ಲಿಯೇ ಗೊತ್ತು. ಆರ್ಸನ್ ವೆಲ್ಸ್ ‘ಸಿಟಿಜನ್ ಕೇನ್’ ತೆಗೆಯುವ ಮೊದಲು ಫೋರ್ಡ್‌ನ ‘ಸ್ಟೇಜ್‌ಕೋಚ್’ (೧೯೩೯) ಚಿತ್ರವನ್ನು ನಲವತ್ತು ಸಲ ನೋಡಿದನೆಂಬ ಮಾತು ಪ್ರಸಿದ್ಧವಾಗಿದೆ. ಅಂದು ಅದಕ್ಕೆ ಸ್ಟುಡಿಯೋದ ಖಾಸಗಿ ಪ್ರದರ್ಶನ ಕೊಠಡಿ ಬೇಕಿತ್ತು.

ಪ್ರತಿ, ಪಾಠಾಂತರ, ಕಾಲ

ಗ್ರಂಥಸಂಪಾದನೆಯ ಪರಿಭಾಷೆ ಬಲ್ಲವರಿಗೆ ಹೋಮ್ ವಿಡಿಯೋ ಒಂದು ಪರಿಚಿತ ಲೋಕದಂತೆ ಕಾಣುತ್ತದೆ. ಇಲ್ಲಿ ಮೂಲಪ್ರತಿಯಿದೆ, ಪ್ರತಿಯ ಪ್ರತಿಯಿದೆ, ಲಿಪಿಕಾರನ ಸ್ಖಾಲಿತ್ಯಗಳಿವೆ. ಪಾಲ್ ಪದ್ಧತಿಯ ವಿಸಿಡಿಯ ಒಂದು ಚೌಕಟ್ಟಿನಲ್ಲಿ ೩೫೨ಕ್ಕೆ ೨೮೮ ಬಿಂದುಗಳು, ಅಂದರೆ ಒಟ್ಟು ಒಂದು ಲಕ್ಷಕ್ಕೆ ತುಸು ಹೆಚ್ಚು. ಡಿವಿಡಿಯಲ್ಲಿ ಅದರ ನಾಲ್ಕು ಪಟ್ಟು. ಕಪ್ಪು-ಬಿಳುಪು ಚಿತ್ರದ ಜೀವವಿರುವುದು ಕಪ್ಪಿಗೂ ಬಿಳುಪಿಗೂ ನಡುವಿನ ಬೂದುಬಣ್ಣದ ಸೂಕ್ಷ್ಮ ಮೆಟ್ಟಿಲುಗಳಲ್ಲಿ. ವಿಸಿಡಿಯಲ್ಲಿ ಆ ಮೆಟ್ಟಿಲುಗಳು ಒಂದರೊಳಗೊಂದು ಕುಸಿದು, ಮರುಭೂಮಿಯ ಆಕಾಶ ಚೌಕಚೌಕವಾಗಿ ಒಡೆದು ಕಾಣುತ್ತದೆ. ಇದರ ಜೊತೆಗೆ, ಮೂವತ್ತರ ದಶಕದ ಅನೇಕ ಅಗ್ಗದ ಕೌಬಾಯ್ ಚಿತ್ರಗಳು ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಹೊರಬಿದ್ದಿರುವ ಕಾರಣ, ಸವೆದ ಪ್ರತಿಗಳಿಂದ ತೆಗೆದ ಡಿಸ್ಕುಗಳೇ ಮೊದಲು ಕೈಗೆ ಸಿಗುತ್ತವೆ. ಅವನ್ನು ನೋಡಿದವರು ಹಳೆಯ ಚಿತ್ರವೆಂದರೆ ಮಸುಕು ಚಿತ್ರವೆಂದು ತಿಳಿದರೆ ಅದು ಅವರ ತಪ್ಪಲ್ಲ. ದೋಷಪೂರ್ಣ ಹಸ್ತಪ್ರತಿಯೊಂದನ್ನೇ ನೋಡಿ ಕವಿಗೆ ಛಂದಸ್ಸು ಬಾರದೆಂದು ತೀರ್ಮಾನಿಸಿದಂತೆ ಇದು.

ಪಾಠಾಂತರದ ಎರಡು ನಿದರ್ಶನಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಫೋರ್ಡ್‌ನ ‘ಮೈ ಡಾರ್ಲಿಂಗ್ ಕ್ಲೆಮಂಟೈನ್’ (೧೯೪೬) ಚಿತ್ರವನ್ನು ನಿರ್ಮಾಪಕ ಡ್ಯಾರಿಲ್ ಝಾನುಕ್ ಕತ್ತರಿಸಿ, ಕೆಲವು ಭಾಗಗಳನ್ನು ಮತ್ತೆ ಚಿತ್ರಿಸಿ ೯೭ ನಿಮಿಷಕ್ಕೆ ಇಳಿಸಿದ. ಬಿಡುಗಡೆಗೆ ಮುಂಚಿನ, ಕೆಲವು ನಿಮಿಷ ದೀರ್ಘವಾದ ಪ್ರತಿಯೊಂದು ಬಹುಕಾಲದ ಮೇಲೆ ದೊರೆತು ಡಿವಿಡಿಯಲ್ಲಿ ಜೊತೆಯಾಗಿ ಪ್ರಕಟವಾಯಿತು. ಒಂದು ಪ್ರತಿಯ ಕೊನೆಯಲ್ಲಿ ವಯಟ್ ಅರ್ಪ್ ಕ್ಲೆಮಂಟೈನಳ ಕೆನ್ನೆಗೆ ಮುತ್ತಿಡುತ್ತಾನೆ. ಇನ್ನೊಂದರಲ್ಲಿ ಕೈಕುಲುಕಿ ಹೊರಡುತ್ತಾನೆ. ಕವಿಪಾಠ ಯಾವುದು, ಪ್ರಕ್ಷಿಪ್ತ ಯಾವುದು ಎಂಬ ಪ್ರಶ್ನೆಯನ್ನು ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ಯಾವ ವಿದ್ಯಾರ್ಥಿಯೂ ಇಲ್ಲಿ ಎತ್ತಬಲ್ಲ.

ಹಾಕ್ಸ್‌ನ ‘ರೆಡ್ ರಿವರ್’ (೧೯೪೮) ಇನ್ನೂ ಕುತೂಹಲಕರ. ಇದಕ್ಕೂ ಎರಡು ಪಾಠಗಳಿವೆ. ಒಂದರಲ್ಲಿ ಕಥೆಯನ್ನು ಪುಸ್ತಕದ ಪುಟಗಳು ತೆರೆದುಕೊಂಡು, ಕೈಬರಹದ ಮೂಲಕ ಹೇಳುತ್ತವೆ. ಅದು ೧೩೩ ನಿಮಿಷ. ಇನ್ನೊಂದರಲ್ಲಿ ಮುದುಕ ಗ್ರೂಟ್ ಎಂಬ ಪಾತ್ರ ತನ್ನ ಬಾಯಿಂದಲೇ ಕಥೆ ಹೇಳುತ್ತದೆ. ಅದು ಸುಮಾರು ೧೨೭ ನಿಮಿಷ. ನಿರ್ದೇಶಕನ ಒಲವು ಬಾಯಿಮಾತಿನ ಪಾಠದ ಕಡೆಗಿತ್ತು. ಆದರೂ ಬಹುಕಾಲ ಹೆಚ್ಚಾಗಿ ಚಲಾವಣೆಯಲ್ಲಿದ್ದದ್ದು ಪುಸ್ತಕದ ಪಾಠವೇ. ೨೦೧೪ರಲ್ಲಿ ಕ್ರೈಟೀರಿಯನ್ ಸಂಸ್ಥೆ ಎರಡನ್ನೂ ಒಟ್ಟಿಗೆ ಹೊರತಂದಿತು. ಲಿಖಿತ ಮತ್ತು ಮೌಖಿಕಗಳ ಸಂಬಂಧದ ಬಗೆಗೆ ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಒಂದೇ ಕಥನವು ಹಾಳೆಯ ಮೇಲೆ ಬಂದಾಗ ಇತಿಹಾಸವಾಗಿಯೂ ಬಾಯಿಂದ ಬಂದಾಗ ನೆನಪಾಗಿಯೂ ಹೇಗೆ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ತರಗತಿಗೆ ಸಿಗುವುದು ಕಷ್ಟ.

ಇಷ್ಟು ಪಾಠಗಳು ಉಳಿದಿರುವ ಪರಂಪರೆಯನ್ನು ನೋಡುವಾಗ, ೧೯೩೪ರ ‘ಸತಿ ಸುಲೋಚನಾ’, ಅಂದರೆ ಕನ್ನಡದ ಮೊದಲ ವಾಕ್ಚಿತ್ರದ ಒಂದು ಪ್ರತಿಯೂ ಉಳಿದಿಲ್ಲವೆಂಬುದು ನೆನಪಾಗದೆ ಇರದು. ಪಾಠಾಂತರ ಎಂಬುದು ಉಳ್ಳವರ ಸಮಸ್ಯೆ.

ಮನೆಯ ಪರದೆ ಕೊಟ್ಟದ್ದರ ಜೊತೆಗೆ ಕಿತ್ತುಕೊಂಡದ್ದನ್ನೂ ಹೇಳಬೇಕು. ಇದಕ್ಕೆ ತಕ್ಕ ಉದಾಹರಣೆ ಜಿನ್ನೆಮನ್‌ನ ‘ಹೈ ನೂನ್’ (೧೯೫೨). ಮಾರ್ಷಲ್ ವಿಲ್ ಕೇನ್‌ನನ್ನು ಕೊಲ್ಲಲು ಫ್ರ್ಯಾಂಕ್ ಮಿಲ್ಲರ್ ನಡುಹಗಲಿನ ರೈಲಿಗೆ ಬರುತ್ತಾನೆ. ಅಷ್ಟರೊಳಗೆ ಜೊತೆಗಾರರನ್ನು ಹುಡುಕಿಕೊಂಡು ಕೇನ್ ಊರೆಲ್ಲ ತಿರುಗುತ್ತಾನೆ, ಯಾರೂ ಬರುವುದಿಲ್ಲ. ಚಿತ್ರದ ಅವಧಿ ೮೫ ನಿಮಿಷ. ಕಥೆಯೊಳಗಿನ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಮತ್ತೆ ಮತ್ತೆ ಗೋಡೆಗಡಿಯಾರಗಳು ಕಾಣಿಸಿಕೊಳ್ಳುತ್ತವೆ; ಪ್ರೇಕ್ಷಕನ ಕಾಲವೂ ಕೇನ್‌ನ ಕಾಲವೂ ಒಂದೇ ಆಗಿ ಸವೆಯುತ್ತವೆ. ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿ ಆಕಾಶವನ್ನು ಅಂದಗಾಣಿಸಲು ಶೋಧಕ ಗಾಜು ಬಳಸದೆ, ಹಳೆಯ ಪತ್ರಿಕೆಯ ಚಿತ್ರದಂತೆ ಬೋಳಾಗಿ, ಬಿಳಿಚಿಕೊಂಡಂತೆ ತೋರಿಸಿದ. ಆ ಬಿಳಿಚಿದ ಆಕಾಶದ ಕೆಳಗೆ ನೆರಳಿಗೂ ಜಾಗವಿಲ್ಲ. ಇಂಥ ಚಿತ್ರದಲ್ಲಿ ಮನೆಯ ಪ್ರೇಕ್ಷಕ ಚಹಾ ಕುಡಿಯಲು ಒಮ್ಮೆ ಗುಂಡಿ ಒತ್ತಿ ನಿಲ್ಲಿಸಿದರೆ ಇಡೀ ಬಂಧ ಸಡಿಲವಾಗುತ್ತದೆ. ಒಂದು ವಿಸಿಡಿಯ ಸಾಮರ್ಥ್ಯ ೭೪ರಿಂದ ೮೦ ನಿಮಿಷ. ಆದ್ದರಿಂದ ಕೇನ್ ಸಾವಿಗೆ ಸಿದ್ಧನಾಗುವ ಹೊತ್ತಿಗೆ ನೋಡುಗ ಎದ್ದು ಎರಡನೆಯ ಡಿಸ್ಕು ಹುಡುಕಬೇಕು. ಇದಕ್ಕಿಂತ ಸೂಕ್ಷ್ಮವಾದ ನಷ್ಟ ಇನ್ನೊಂದಿದೆ. ಚಿತ್ರಮಂದಿರದಲ್ಲಿ ಸೆಕೆಂಡಿಗೆ ೨೪ ಚೌಕಟ್ಟುಗಳು ಓಡಿದರೆ ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಅವನ್ನು ೨೫ರಂತೆ ಓಡಿಸಲಾಗುತ್ತದೆ. ೮೫ ನಿಮಿಷದ ಚಿತ್ರ ೮೨ ನಿಮಿಷದೊಳಗೆ ಮುಗಿಯುತ್ತದೆ. ಕಾಲವೇ ಕಥಾವಸ್ತುವಾದ ಚಿತ್ರದಲ್ಲಿ ಕೇನ್‌ಗೆ ದೊರೆತ ಅವಕಾಶದಿಂದ ಮೂರು ನಿಮಿಷಕ್ಕೂ ಹೆಚ್ಚು ಕಾಲವನ್ನು ಯಂತ್ರ ಸದ್ದಿಲ್ಲದೆ ಕದ್ದಿರುತ್ತದೆ.

ಬಂದೂಕು ಯಾರ ಕೈಯಲ್ಲಿ

‘ಕೌಬಾಯ್’ ಎಂದರೆ ಅಕ್ಷರಶಃ ದನಗಾಹಿ. ಕನ್ನಡ ಈ ಪದವನ್ನು ಅನುವಾದಿಸದೆ ಹಾಗೆಯೇ ಇಟ್ಟುಕೊಂಡದ್ದು ಅರ್ಥಪೂರ್ಣವಾಗಿದೆ. ದನಗಾಹಿ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ‘ಗೋವಿನ ಹಾಡಿ’ನ ಕಾಳಿಂಗ ಗೊಲ್ಲ, ಅವನ ಕೈಯ ಕೊಳಲು. ಅವನಿಗೂ ಪಿಸ್ತೂಲಿಗೂ ಸಂಬಂಧವಿಲ್ಲ. ಬಹುತೇಕ ಕೌಬಾಯ್ ಚಿತ್ರಗಳಲ್ಲಿ ದನಗಳೂ ಕಾಣುವುದಿಲ್ಲವೆಂಬುದು ಬೇರೆ ಮಾತು. ನಿಜವಾಗಿ ದನಕಾಯುವ ಕಾಯಕವನ್ನು ತೋರಿಸುವ ‘ರೆಡ್ ರಿವರ್’ನಲ್ಲಿ ಸಾವಿರಾರು ದನಗಳನ್ನು ಟೆಕ್ಸಾಸಿನಿಂದ ಕ್ಯಾನ್ಸಸ್‌ನ ಅಬಿಲೀನ್‌ಗೆ ಹೊಡೆದುಕೊಂಡು ಹೋಗುವ ಶ್ರಮವಿದೆ, ಕೂಲಿಯ ಜಗಳವಿದೆ. ಆದರೆ ಆ ದನಗಳ ಒಡೆತನ ಆರಂಭವಾದದ್ದು ಹೇಗೆ? ಚಿತ್ರದ ಆರಂಭದಲ್ಲಿಯೇ ಜಾನ್ ವೇಯ್ನ್ ಅಭಿನಯದ ಡನ್ಸನ್ ನದಿಯ ದಂಡೆಯಲ್ಲಿ ನಿಂತು ಈ ನೆಲ ತನ್ನದೆನ್ನುತ್ತಾನೆ. ಇದು ದೂರದಲ್ಲಿರುವ ಮೆಕ್ಸಿಕನ್ ಭೂಮಾಲೀಕನದು ಎಂದು ಹೇಳಲು ಬಂದ ಅವನ ಕಡೆಯ ಆಳನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಹೆಣ ಹೂಳಿ, ಅದರ ಮೇಲೆ ಧರ್ಮಗ್ರಂಥ ಓದುತ್ತಾನೆ. ಈ ಪ್ರಸಂಗ ಕೆಲವೇ ನಿಮಿಷದ್ದು. ಚಿತ್ರಮಂದಿರದಲ್ಲಿ ಮುಂದಿನ ಸಾಹಸದ ಅಬ್ಬರದಲ್ಲಿ ಅದು ಮರೆಯಾಗುತ್ತದೆ. ಹಿಂದಕ್ಕೆ ಸರಿಸಿ ನೋಡಿದಾಗ ಇಡೀ ಪ್ರಕಾರದ ಬುನಾದಿಯೇ ಅಲ್ಲಿ ಕಾಣುತ್ತದೆ. ಮೊದಲು ಬಂದೂಕು, ಆಮೇಲೆ ಒಡೆತನ, ಆಮೇಲೆ ಕಾನೂನು.

ಕಾನೂನು ಬಂದ ಮೇಲೆ ಬಂದೂಕನ್ನು ಕೆಳಗಿಡಬೇಕಾಗುತ್ತದೆ. ಅರಿಝೋನಾದ ಟೂಂಬ್‌ಸ್ಟೋನ್ ಪಟ್ಟಣದಲ್ಲಿ ೧೮೮೧ರಲ್ಲಿ ಊರೊಳಗೆ ಆಯುಧ ಧರಿಸುವುದನ್ನು ನಿಷೇಧಿಸುವ ನಿಯಮ ಜಾರಿಯಾಯಿತು. ಅದೇ ವರ್ಷ ಅಕ್ಟೋಬರ್ ೨೬ರಂದು ಆ ನಿಯಮದಂತೆ ಆಯುಧ ಕಸಿಯಲು ಹೋದ ಅರ್ಪ್ ಸೋದರರಿಗೂ ಅವರ ಎದುರಾಳಿಗಳಿಗೂ ನಡೆದ ಕಾಳಗವೇ ‘ಮೈ ಡಾರ್ಲಿಂಗ್ ಕ್ಲೆಮಂಟೈನ್’ನ ಐತಿಹಾಸಿಕ ಬೀಜ. ಫೋರ್ಡ್ ಅದನ್ನು ತಮ್ಮನ ಕೊಲೆಗೆ ಅಣ್ಣಂದಿರು ತೀರಿಸಿಕೊಳ್ಳುವ ಸೇಡಿನ ಕಥೆಯಾಗಿ ಮಾರ್ಪಡಿಸಿದ. ಆ ಮೂಲಕ ನಿಶ್ಶಸ್ತ್ರೀಕರಣದ ರಾಜಕೀಯ ಹಿಂದಕ್ಕೆ ಸರಿದು ಕೌಟುಂಬಿಕ ನ್ಯಾಯ ಮುಂದಕ್ಕೆ ಬಂತು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಚಿತ್ರದಲ್ಲಿ ಅರ್ಪ್ ತನ್ನ ಯೋಗ್ಯತೆಯನ್ನು ಊರಿಗೆ ತೋರಿಸುವುದು ಕುಡಿದು ಗುಂಡು ಹಾರಿಸುತ್ತಿದ್ದ ಮೂಲನಿವಾಸಿಯೊಬ್ಬನನ್ನು ಎಳೆದು ಹೊರಹಾಕಿ, ಒದ್ದು, ಅವನಿಗೆ ಮದ್ಯ ಕೊಟ್ಟವರಾರೆಂದು ಗದರಿಸುವುದರ ಮೂಲಕ. ನಗುವಿನ ಪ್ರಸಂಗವಾಗಿ ಇದು ದಾಟಿಹೋಗುತ್ತದೆ. ಎರಡನೆಯ ನೋಟದಲ್ಲಿ ನಗು ಬರುವುದಿಲ್ಲ.

ಇದನ್ನು ನೋಡಿದ ಕಣ್ಣಿನಿಂದ ಮೂಡಲಗಿಯ ಪೂರ್ವಕ್ಕೆ, ಘಟಪ್ರಭೆಯ ಹರಿವಿನಲ್ಲಿಯೇ ಕೆಳಗಿರುವ ಮುಧೋಳ ಸೀಮೆಯ ಹಲಗಲಿಯನ್ನು ನೋಡಬೇಕು. ೧೮೫೭ರ ಬಂಡಾಯದ ವರ್ಷ ಬ್ರಿಟಿಷರು ಜನರಿಂದ ಆಯುಧ ಕಸಿಯುವ ಕಾಯಿದೆ ತಂದರು. ಬೇಟೆ ಮತ್ತು ಕಾವಲನ್ನು ಕುಲಕಸುಬಾಗಿ ಉಳ್ಳ ಬೇಡರಿಗೆ ಆಯುಧವೆಂದರೆ ಮರ್ಯಾದೆ. ಹಲಗಲಿಯ ಬೇಡರು ಕೊಡುವುದಿಲ್ಲವೆಂದರು. ನವೆಂಬರ್ ಕೊನೆಯಲ್ಲಿ ದಂಡು ಬಂತು; ಊರಿಗೆ ಬೆಂಕಿಯಿಟ್ಟಿತು; ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಲಾಯಿತು. ಈ ಘಟನೆಯನ್ನು ಕುರಿತ ಲಾವಣಿ, ಕುರ್ತಕೋಟಿ ಕಲ್ಮೇಶನ ಅಂಕಿತ ಹೊತ್ತು, ಡಪ್ಪು ತುಂತುಣಿಗಳ ಜೊತೆಗೆ ಈ ಭಾಗದಲ್ಲೆಲ್ಲ ಉಳಿದು, ಶಾಲಾ ಪಠ್ಯಕ್ಕೂ ಸೇರಿದೆ.

ಟೂಂಬ್‌ಸ್ಟೋನ್ ಮತ್ತು ಹಲಗಲಿಗಳ ನಡುವೆ ಇಪ್ಪತ್ತನಾಲ್ಕು ವರ್ಷಗಳ ಅಂತರ. ಎರಡೂ ಕಡೆ ಪ್ರಭುತ್ವದ ಆಜ್ಞೆ ಒಂದೇ: ಆಯುಧ ಒಪ್ಪಿಸಿ. ಒಂದು ಕಥನದಲ್ಲಿ ಆಯುಧ ಕೇಳಿದವನು ನಾಯಕ. ಇನ್ನೊಂದರಲ್ಲಿ ಆಯುಧ ಕೊಡದವನು ನಾಯಕ. ಕಾನೂನು ಬರುವುದನ್ನು ಕೌಬಾಯ್ ಚಿತ್ರ ಊರಿನ ಒಳಗೆ ನಿಂತು, ಚರ್ಚಿನ ಅಡಿಗಲ್ಲಿನ ಬಳಿಯಿಂದ ನೋಡುತ್ತದೆ. ಲಾವಣಿ ಅದನ್ನು ಉರಿಯುವ ಊರಿನಿಂದ ನೋಡುತ್ತದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು. ನಿಂತ ಜಾಗ ಬೇರೆ. ಕೌಬಾಯ್ ಚಿತ್ರ ಸುಳ್ಳು, ಲಾವಣಿ ಸತ್ಯ ಎಂದು ಸರಳಗೊಳಿಸುವುದು ಎರಡಕ್ಕೂ ಅನ್ಯಾಯ. ನಿಯಮವಿಲ್ಲದ ಊರಿನಲ್ಲಿ ದುರ್ಬಲರ ಗತಿಯೇನೆಂಬ ಭಯ ಆ ಚಿತ್ರಗಳಲ್ಲಿ ನಿಜವಾದದ್ದು. ವಿಲಿಯಂ ವೆಲ್ಮನ್‌ನ ‘ದಿ ಆಕ್ಸ್-ಬೋ ಇನ್ಸಿಡೆಂಟ್’ನಲ್ಲಿ (೧೯೪೩) ಕಾನೂನನ್ನು ಕೈಗೆತ್ತಿಕೊಂಡ ಗುಂಪು ಮೂವರು ನಿರಪರಾಧಿಗಳನ್ನು ಮರಕ್ಕೆ ನೇತುಹಾಕುತ್ತದೆ. ಆ ಭಯಕ್ಕೆ ಉತ್ತರ ಲಾವಣಿಯಲ್ಲಿ ಇಲ್ಲ.

ಆದರೆ ಲಾವಣಿಯಲ್ಲಿ ಇರುವ ಒಂದು ಅಂಶ ಚಿತ್ರಗಳಲ್ಲಿ ಇಲ್ಲ. ಊರು ಸೂರೆಯಾದ ಮೇಲೆ ಲಾವಣಿಕಾರ ಹೋದ ವಸ್ತುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಆ ಎಣಿಕೆಯಲ್ಲಿ ಬ್ಯಾಸಾಯದ ಸಾಮಾನಿನ ಜೊತೆ ಹಾಲು ಮೊಸರು, ಉಪ್ಪು ಎಣ್ಣೆಯಂಥ ಅಡುಗೆಮನೆಯ ಸರಕುಗಳೂ ಬರುತ್ತವೆ. ಶೌರ್ಯದ ಹಾಡು ಇದ್ದಕ್ಕಿದ್ದಂತೆ ಮನೆಯ ಲೆಕ್ಕವಾಗುತ್ತದೆ. ಕಾನೂನು ಬಂದಾಗ ಹೋದದ್ದೇನೆಂಬ ಇಂಥ ಪಟ್ಟಿಯನ್ನು ಅಪಾಚೆಗಳ ಪರವಾಗಿ ಹಾಲಿವುಡ್ಡಿನಲ್ಲಿ ಯಾರೂ ಓದುವುದಿಲ್ಲ.

ಹುಕ್ಕೇರಿ ತಾಲೂಕಿನ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ (೧೯೭೨) ಗೌಡನ ಕೈಯಲ್ಲಿಯೂ ಬಂದೂಕಿದೆ. ಉಳುವ ಬಸಣ್ಣನಿಗೂ ಒಡೆಯನಾದ ಗೌಡನಿಗೂ ಹೊಲದ ಬಗೆಗಿರುವ ಜಗಳದಲ್ಲಿ ಆ ಬಂದೂಕು ಕಾನೂನಿನ ಬದಲು ನಿಂತಿದೆ. ಡನ್ಸನ್ನನ ಪಿಸ್ತೂಲು ಭೂಮಿಯನ್ನು ಹುಟ್ಟಿಸುವ ಶಕ್ತಿಯಾಗಿ ಕಂಡರೆ ಗೌಡನ ಬಂದೂಕು ಬಂಜೆತನದ ಇನ್ನೊಂದು ಹೆಸರು. ಕಂಬಾರರು ಬಯಲಾಟದ ನಗೆಯಿಂದ ಬಂದೂಕಿನ ಗಾಂಭೀರ್ಯವನ್ನೇ ಕಳಚಿಹಾಕುತ್ತಾರೆ. ಕನ್ನಡದ ಕೌಬಾಯ್ ಚಿತ್ರಗಳು ಟೊಪ್ಪಿಗೆಯನ್ನು ತಂದವು, ಪ್ರಶ್ನೆಯನ್ನು ತರಲಿಲ್ಲ. ಆ ಪ್ರಶ್ನೆ ಬಯಲಾಟದ ಮರುಸೃಷ್ಟಿಯಲ್ಲಿ ಬೇರೆಯೇ ದಾರಿಯಿಂದ ಬಂದಿತು ಎನ್ನಬಹುದು.

ಡೆಲ್ಮರ್ ಡೇವ್ಸ್‌ನ ‘೩:೧೦ ಟು ಯೂಮಾ’ (೧೯೫೭) ಈ ಸೀಮೆಯ ನೋಡುಗನಿಗೆ ಅತ್ಯಂತ ಹತ್ತಿರದ ಚಿತ್ರವಾಗಬಲ್ಲದು. ಅದರ ನಾಯಕ ವೀರನಲ್ಲ, ಬರಗಾಲದ ರೈತ. ನೆರೆಯ ಹಳ್ಳದ ನೀರನ್ನು ಆರು ತಿಂಗಳು ಬಳಸಿಕೊಳ್ಳಲು ಅವನಿಗೆ ಇನ್ನೂರು ಡಾಲರ್ ಬೇಕು. ಆ ಹಣಕ್ಕಾಗಿ ಕೊಲೆಗಡುಕನೊಬ್ಬನನ್ನು ರೈಲಿಗೆ ಹತ್ತಿಸುವ ಕೆಲಸ ಒಪ್ಪಿಕೊಳ್ಳುತ್ತಾನೆ. ಹಿಡಕಲ್ ಅಣೆಕಟ್ಟಿನ ಕಾಲುವೆಯ ಸರದಿಗೆ ಕಾದು ಕುಳಿತ ರೈತನಿಗೆ ಈ ಲೆಕ್ಕವನ್ನು ಯಾರೂ ವಿವರಿಸಬೇಕಾಗಿಲ್ಲ. ಬಿರಿದ ನೆಲವನ್ನು ಕಪ್ಪು-ಬಿಳುಪಿನಲ್ಲಿ ತೋರಿಸಿದ ರೀತಿಯೇ ಆ ಚಿತ್ರದ ಅರ್ಧ ಶಕ್ತಿ.

ಚೌಕಟ್ಟಿನ ಅಂಚು

‘ಸ್ಟೇಜ್‌ಕೋಚ್’ನಲ್ಲಿ ಗಾಡಿ ಕಣಿವೆಯಲ್ಲಿ ಸಾಗುತ್ತಿರುವಾಗ ಕ್ಯಾಮೆರಾ ಥಟ್ಟನೆ ಪಕ್ಕಕ್ಕೆ ಹೊರಳಿ ಬಂಡೆಯ ಅಂಚಿನಲ್ಲಿ ನಿಂತ ಅಪಾಚೆ ಸವಾರರನ್ನು ತೋರಿಸುತ್ತದೆ. ಆ ಹೊರಳುವಿಕೆಯಲ್ಲಿಯೇ ಭಯವಿದೆ. ಪರದೆಯನ್ನು ಅಲ್ಲಿ ನಿಲ್ಲಿಸಿದರೆ ಮುಖಗಳು ಕಾಣುತ್ತವೆ. ಅವು ಅಪಾಚೆಗಳ ಮುಖಗಳಲ್ಲ. ಚಿತ್ರೀಕರಣ ನಡೆದ ಮಾನ್ಯುಮೆಂಟ್ ವ್ಯಾಲಿ ನವಾಹೋ ಜನರ ನೆಲ, ಪಾತ್ರ ವಹಿಸಿದವರೂ ಅವರೇ. ಆ ಸವಾರರಿಗೆ ಚಿತ್ರದಲ್ಲಿ ಒಂದು ಮಾತೂ ಇಲ್ಲ. ‘ಹೈ ನೂನ್’ನಲ್ಲಿ ಮೆಕ್ಸಿಕನ್ ಮೂಲದ ಹೆಲೆನ್ ರಮೀರೆಜ್ ಕೇನ್‌ನೊಡನೆ ಸ್ಪ್ಯಾನಿಷ್‌ನಲ್ಲಿ ಒಂದೆರಡು ಮಾತಾಡುತ್ತಾಳೆ. ಊರಿನ ಪುಕ್ಕಲುತನವನ್ನು ಎಲ್ಲರಿಗಿಂತ ಮೊದಲೇ ಅರಿತವಳು ಅವಳು. ರೈಲು ಹತ್ತಿ ಹೊರಟುಹೋಗುತ್ತಾಳೆ. ಎರಡು ಭಾಷೆಗಳ ಗಡಿಯಲ್ಲಿ ಬದುಕುವ ಬೆಳಗಾವಿ ಜಿಲ್ಲೆಯ ಪ್ರೇಕ್ಷಕ ಈ ಸಣ್ಣ ಭಾಷಾಂತರದ ಭಾರವನ್ನು ತಟ್ಟನೆ ಗುರುತಿಸಬಲ್ಲ.

ಅಂಚಿನಲ್ಲಿದ್ದವರ ಅತ್ಯಂತ ಮಾರ್ಮಿಕ ಚಿತ್ರ ಫೋರ್ಡ್‌ನ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್’ನದು (೧೯೬೨). ಬಣ್ಣ ಸಾಮಾನ್ಯವಾಗಿದ್ದ ಕಾಲದಲ್ಲಿ ಬೇಕೆಂದೇ ಕಪ್ಪು-ಬಿಳುಪಿನಲ್ಲಿ ತೆಗೆದ ಚಿತ್ರವಿದು. ಕಾನೂನು ಪುಸ್ತಕ ಹೊತ್ತು ಬಂದ ವಕೀಲ ಸ್ಟಾಡರ್ಡ್ ಊರಿನಲ್ಲಿ ಅಕ್ಷರ ಕಲಿಸುತ್ತಾನೆ. ವುಡಿ ಸ್ಟ್ರೋಡ್ ಅಭಿನಯಿಸಿದ ಕಪ್ಪುಜನಾಂಗದ ಪಾಂಪೆ, ಲಿಂಕನ್ನನ ಭಾವಚಿತ್ರದ ಕೆಳಗೆ ನಿಂತು ಸ್ವಾತಂತ್ರ್ಯ ಘೋಷಣೆಯ ಸಾಲನ್ನು ಒಪ್ಪಿಸುವಾಗ, ಎಲ್ಲರೂ ಸಮಾನರೆಂಬ ಭಾಗಕ್ಕೆ ಬಂದು ತಡವರಿಸುತ್ತಾನೆ. ಅಷ್ಟರಲ್ಲಿ ಅವನ ಯಜಮಾನ ಡೋನಿಫನ್ ಬಂದು ಕೆಲಸಕ್ಕೆ ಅಟ್ಟುತ್ತಾನೆ. ಮುಂದೆ ದುಷ್ಟ ಲಿಬರ್ಟಿಯ ಸಾವನ್ನು ಚಿತ್ರ ಎರಡು ಸಲ ತೋರಿಸುತ್ತದೆ. ಮೊದಲ ಸಲ ವಕೀಲನ ಗುಂಡಿನಿಂದ ಅವನು ಸತ್ತಂತೆ ಕಾಣುತ್ತದೆ. ಎರಡನೆಯ ಸಲ ಅದೇ ಘಟನೆ ಕತ್ತಲ ಓಣಿಯಿಂದ ಕಾಣುತ್ತದೆ: ಗುಂಡು ಡೋನಿಫನ್‌ನದು. ಅವನಿಗೆ ಬಂದೂಕು ಎಸೆದವನು ಪಾಂಪೆ. ಗುಂಡು ಹಾರಿದ ಮೇಲೆ ಅದನ್ನು ಮರಳಿ ಹಿಡಿದವನೂ ಅವನೇ. ಮನೆಯ ಪರದೆಯಲ್ಲಿ ಈ ಎರಡು ಪಾಠಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ತರಗತಿಯ ಪ್ರಸಂಗದ ಅರ್ಥವೇ ಬದಲಾಗುತ್ತದೆ. ಸಮಾನತೆಯ ಸಾಲನ್ನು ಪೂರ್ತಿ ಹೇಳಲು ಅವಕಾಶ ಸಿಗದವನ ಕೈ ದಾಟಿ ಬಂದ ಬಂದೂಕಿನಿಂದಲೇ ಆ ಊರಿಗೆ ಕಾನೂನು ಬಂದಿದೆ. ಊರು ಹೊಗಳುವುದು ವಕೀಲನನ್ನು.

ಫೋರ್ಡ್ ಇದಕ್ಕಿಂತ ಹದಿನಾಲ್ಕು ವರ್ಷ ಹಿಂದೆಯೇ ‘ಫೋರ್ಟ್ ಅಪಾಚೆ’ಯಲ್ಲಿ (೧೯೪೮) ಇದೇ ಗಂಟನ್ನು ಮುಟ್ಟಿದ್ದ. ಅಲ್ಲಿ ಕೊಚೀಸ್ ಎಂಬ ಅಪಾಚೆ ನಾಯಕನಿಗೆ ಮಾತಿದೆ. ಅವನು ಸ್ಪ್ಯಾನಿಷ್‌ನಲ್ಲಿ ಆಡಿದ್ದನ್ನು ದುಭಾಷಿಯೊಬ್ಬ ಅನುವಾದಿಸುತ್ತಾನೆ. ಅವನ ದೂರು ನ್ಯಾಯವಾದದ್ದೆಂದು ಚಿತ್ರ ಒಪ್ಪುತ್ತದೆ. ಕರ್ನಲ್ ಥರ್ಸ್‌ಡೇ ಅವನನ್ನು ಅವಮಾನಿಸಿ, ತನ್ನ ಮೂರ್ಖತನದಿಂದ ದಂಡನ್ನೆಲ್ಲ ಸಾವಿಗೆ ತಳ್ಳುತ್ತಾನೆ. ಕೊನೆಯಲ್ಲಿ ಪತ್ರಕರ್ತರು ಬಂದು ಆ ಕರ್ನಲ್ಲನ ಶೌರ್ಯದ ವರ್ಣಚಿತ್ರವನ್ನು ಕೊಂಡಾಡುತ್ತಾರೆ. ನಡೆದದ್ದೆಲ್ಲ ಗೊತ್ತಿದ್ದ ಯಾರ್ಕ್, ಆ ಚಿತ್ರ ಸರಿಯಾಗಿದೆಯೆಂದು ಹೇಳಿ, ಕಿಟಕಿಯ ಗಾಜಿನಾಚೆಗೆ ನೋಡುತ್ತಾನೆ.

ಹಲಗಲಿಯ ಲಾವಣಿ ಅಚ್ಚಿಗೆ ಬಂದದ್ದು ೧೮೮೦ರ ದಶಕದಲ್ಲಿ, ‘ಇಂಡಿಯನ್ ಆಂಟಿಕ್ವರಿ’ಯ ಪುಟಗಳಲ್ಲಿ. ಅದನ್ನು ಇತರ ಕನ್ನಡ ಲಾವಣಿಗಳ ಜೊತೆ ಸಂಗ್ರಹಿಸಿ, ಅನುವಾದ ಸಹಿತ ಪ್ರಕಟಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್, ಮುಂಬಯಿ ಆಧಿಪತ್ಯದ ಸಿವಿಲ್ ಅಧಿಕಾರಿ. ಗಲ್ಲಿಗೇರಿಸಿದ ಪ್ರಭುತ್ವದ ಅಧಿಕಾರಿಯೊಬ್ಬ, ಗಲ್ಲಿಗೇರಿದವರನ್ನು ಹೊಗಳುವ ಹಾಡನ್ನು ಕೇಳಿ, ಬರೆದು, ಉಪ್ಪು ಎಣ್ಣೆಯ ಪಟ್ಟಿಯನ್ನೂ ಬಿಡದೆ ಅಚ್ಚು ಹಾಕಿಸಿದ. ಅವನ ಉದ್ದೇಶ ಭಾಷಾಶಾಸ್ತ್ರದ್ದೋ ಆಡಳಿತದ್ದೋ ಎಂಬ ಚರ್ಚೆ ಬೇರೆ. ಅವನಿಗೆ ಹಾಡಿ ತೋರಿಸಿದವರಿಗೆ, ಊರು ಸುಟ್ಟು ಮೂವತ್ತು ವರ್ಷವೂ ಆಗಿರಲಿಲ್ಲ.